ಬ್ಯಾಡ್ಜ್ ನಡುವೆ ಹೆಸರು ಕೂರಿಸುವ ಸ್ಕ್ರಿಪ್ಟ್: ಆ 3.5 ಅನ್ನು ಮೊದಲು ಅಳಿಸಿ ಸರ್

ಸರ್, ನಿನ್ನೆ ರಾತ್ರಿ ನೀವು ನಮ್ಮ ಗುಂಪಿನಲ್ಲಿ ಹಾಕಿದ ಇಲ್ಲಸ್ಟ್ರೇಟರ್ (ಚಿತ್ರ ಬಿಡಿಸುವ ತಂತ್ರಾಂಶ) ಸ್ಕ್ರಿಪ್ಟ್ ನೋಡಿದೆ. ದುಂಡು ಬ್ಯಾಡ್ಜ್, ಎಕ್ಸೆಲ್‌ನಿಂದ ಬರುವ ಹೆಸರು, ಎಲ್ಲ ಸರಿ. ಆದರೆ ನಡು ಹುಡುಕಲು ಟೆಕ್ಸ್ಟ್ ಫ್ರೇಮ್‌ನ (ಅಕ್ಷರದ ಸುತ್ತಲಿನ ಚೌಕಟ್ಟು) ಎತ್ತರದಲ್ಲಿ ಅರ್ಧ ಹಿಡಿದು, ಆಮೇಲೆ "ಕಣ್ಣಿಗೆ ಸರಿ ಕಾಣಲಿ" ಅಂತ ಇನ್ನೊಂದು 3.5 ಪಾಯಿಂಟ್ ಕಳೆದಿದ್ದೀರಲ್ಲ, ಅದನ್ನು ನೋಡಿ ಸುಮ್ನೆ ಇರಲು ಆಗಲಿಲ್ಲ. ಅದೇ ಸಾಲನ್ನು ನಾನೂ ಬರೆದಿದ್ದೆ. ನನ್ನದರಲ್ಲಿ 4 ಇತ್ತು, ಅಷ್ಟೇ.

ಇಲ್ಲಿ ತುಮಕೂರಲ್ಲಿ ಒಂದು ಕ್ರೀಡಾಕೂಟದ ಕೆಲಸ ಹಿಡಿದಿದ್ದೆ. ಜಿಲ್ಲೆಯ 10 ತಾಲ್ಲೂಕಿನ ಹೆಸರು, ತಾಲ್ಲೂಕಿಗೊಂದು ದುಂಡು ಅಕ್ರಿಲಿಕ್ ಫಲಕ, ವೇದಿಕೆ ಮೇಲೆ ಸಾಲಾಗಿ ತೂಗುಹಾಕಬೇಕು. ಸ್ಕ್ರಿಪ್ಟ್ ಬರೆದು "ತುಮಕೂರು" ಅಂತ ಹಾಕಿ ನೋಡಿದೆ. ಆ ಪದಕ್ಕೆ ಒತ್ತೂ ಇಲ್ಲ, ಗುಡಿಸೂ ಇಲ್ಲ. ಫ್ರೇಮ್ ಮಾತ್ರ ಒತ್ತು ಬಂದರೆ ಇರಲಿ ಅಂತ ಕೆಳಗೆ ಜಾಗ ಬಿಟ್ಟುಕೊಂಡೇ ಇರುತ್ತದೆ. ಹೆಸರು ಮೇಲೆ ಕೂತಿತು. 4 ಪಾಯಿಂಟ್ ಕೆಳಗೆ ತಳ್ಳಿದೆ. ಚೆನ್ನಾಗಿ ಕಂಡಿತು. ಕೂಟದ ಹಿಂದಿನ ದಿನ ಸಂಜೆ ಆಯೋಜಕರು ಅಕ್ಷರ ದಪ್ಪ ಬೇಕು ಅಂದರು. ಫಾಂಟ್ ಬದಲಿಸಿದೆ, ಸ್ಕ್ರಿಪ್ಟ್ ಓಡಿಸಿದೆ, ನೋಡದೆ ಲೇಸರ್‌ಗೆ ಕಳಿಸಿದೆ. ಹತ್ತಕ್ಕೆ ಹತ್ತೂ ನಡು ತಪ್ಪಿ ಬಂದವು. ಮೇಲೆ ಎಷ್ಟು ಜಾಗ, ಕೆಳಗೆ ಎಷ್ಟು ಜಾಗ ಅನ್ನುವುದು ಆಯಾ ಫಾಂಟ್ ಮಾಡಿದವರು ಇಟ್ಟ ಲೆಕ್ಕ. ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ನಿಮ್ಮ 3.5 ಕೂಡ ಈಗಿನ ಫಾಂಟ್‌ಗೆ, ಈಗಿನ ಸೈಜಿಗೆ ಮಾತ್ರ ಸರಿ.

ಆ ರಾತ್ರಿಯೇ ಎರಡನೇ ಸಲ ಮಾಡಿದೆ. ಫ್ರೇಮ್ ಅಳೆಯುವ ಬದಲು ಅಕ್ಷರದ ಮಸಿಯನ್ನೇ, ಅಂದರೆ ನಿಜಕ್ಕೂ ಕಾಣುವ ಆಕಾರವನ್ನೇ ಅಳೆದೆ. ಟೆಕ್ಸ್ಟ್‌ನ ಡೂಪ್ಲಿಕೇಟ್ ಮಾಡಿ, ಅದಕ್ಕೆ ಕ್ರಿಯೇಟ್ ಔಟ್‌ಲೈನ್ ಕೊಟ್ಟು (ಅಕ್ಷರ ಬರೀ ಆಕಾರ ಆಗುತ್ತದೆ), ಬಂದ ಗ್ರೂಪಿನ ಜಿಯೊಮೆಟ್ರಿಕ್ ಬೌಂಡ್ಸ್ (ನಾಲ್ಕು ಅಂಚಿನ ಅಳತೆ) ತೆಗೆದುಕೊಂಡು, ಅದರ ನಡುವಿಗೂ ವೃತ್ತದ ನಡುವಿಗೂ ಇರುವ ವ್ಯತ್ಯಾಸದಷ್ಟು ಮೂಲ ಟೆಕ್ಸ್ಟನ್ನು ಸರಿಸುವುದು. ಆಮೇಲೆ ಔಟ್‌ಲೈನ್ ಅಳಿಸುವುದು. ಡೂಪ್ಲಿಕೇಟ್ ಮಾಡದೆ ಔಟ್‌ಲೈನ್ ಕೊಟ್ಟರೆ ಮೂಲ ಟೆಕ್ಸ್ಟೇ ಹೋಗುತ್ತದೆ, ನೆನಪಿರಲಿ. ಒಂದೊಂದಾಗಿ ನೋಡಿದರೆ ಹತ್ತೂ ಅಚ್ಚುಕಟ್ಟು. ವೇದಿಕೆಯಲ್ಲಿ ಸಾಲಾಗಿ ತೂಗುಹಾಕಿದ ಮೇಲೆ ಮೇಷ್ಟ್ರೊಬ್ಬರು ಕೇಳಿದರು, "ಗುಬ್ಬಿ ಯಾಕೆ ಮೇಲಕ್ಕೆ ಹೋಗಿದೆ?" ನೋಡಿದರೆ ನಿಜ. ನಮ್ಮ ಹತ್ತು ತಾಲ್ಲೂಕಿನ ಹೆಸರಲ್ಲಿ ಒತ್ತು ಇರುವುದು ಎರಡಕ್ಕೇ, ಗುಬ್ಬಿ ಮತ್ತು ಚಿಕ್ಕನಾಯಕನಹಳ್ಳಿ. ಒತ್ತು ಕೆಳಗೆ ಇಳಿದಷ್ಟೂ ಮಸಿಯ ನಡು ಕೆಳಗೆ ಬರುತ್ತದೆ, ಅದನ್ನು ಸರಿದೂಗಿಸಲು ಸ್ಕ್ರಿಪ್ಟ್ ಇಡೀ ಹೆಸರನ್ನು ಮೇಲೆತ್ತುತ್ತದೆ. ಉಳಿದ ಎಂಟು ಹೆಚ್ಚುಕಡಿಮೆ ಒಂದು ಗೆರೆಯಲ್ಲಿ, ಇವೆರಡು ಒಂದು ಮೆಟ್ಟಿಲು ಮೇಲೆ.

ಅವತ್ತಿನಿಂದ ನಾನು ಬಿಡದೆ ಮಾಡುವುದು ಇದು. ಅಡ್ಡಕ್ಕೆ ಹೆಸರಿನದ್ದೇ ಮಸಿ ಅಳೆಯುತ್ತೇನೆ. ಎತ್ತರಕ್ಕೆ "ರ" ಅಕ್ಷರವನ್ನು ಅಳೆಯುತ್ತೇನೆ. ಡೂಪ್ಲಿಕೇಟ್‌ನ ಕಂಟೆಂಟ್ಸ್ ಅನ್ನು ಬರೀ "ರ" ಮಾಡಿ, ಆಮೇಲೆ ಔಟ್‌ಲೈನ್ ಕೊಡಿ. ಪಾಯಿಂಟ್ ಟೆಕ್ಸ್ಟ್ (ಒಂದು ಬಿಂದುವಿನಿಂದ ಶುರುವಾಗುವ ಬರಹ) ಆದರೆ ಎರಡಕ್ಕೂ ಬೇಸ್‌ಲೈನ್ (ಅಕ್ಷರ ಕೂರುವ ಗೆರೆ) ಒಂದೇ. ಹಾಗಾಗಿ "ರ" ನಡುವಿಗೆ ಬರಲು ಎಷ್ಟು ಸರಿಸಬೇಕೋ ಅಷ್ಟನ್ನೇ ಹೆಸರಿಗೆ ಕೊಟ್ಟರೆ ಆಯಿತು. ಸೈಜು ಒಂದೇ ಇದ್ದರೆ ಯಾವ ಹೆಸರು ಬಂದರೂ ತಲಕಟ್ಟು ಒಂದೇ ಗೆರೆಯಲ್ಲಿ ನಿಲ್ಲುತ್ತದೆ, ಒತ್ತು ಕೆಳಗೆ ತನ್ನ ಪಾಡಿಗೆ ಇಳಿಯುತ್ತದೆ. ಫಾಂಟ್ ಯಾವುದಾದರೂ ಸರಿ, ಸ್ಕ್ರಿಪ್ಟ್‌ನಲ್ಲಿ ಒಂದು ಅಂಕೆಯನ್ನೂ ಮುಟ್ಟಬೇಕಿಲ್ಲ. ಹೆಸರು ಎರಡು ಸಾಲಿನದಾದರೆ ಸಾಲಿಗೊಂದು "ರ" ಹಾಕಿ. ಏರಿಯಾ ಟೆಕ್ಸ್ಟ್‌ನಲ್ಲಿ (ಚೌಕಟ್ಟಿನೊಳಗೆ ಹರಿಯುವ ಬರಹ) ಇದು ಕೈಕೊಡುತ್ತದೆ, ಪಾಯಿಂಟ್‌ಗೆ ಬದಲಿಸಿಕೊಳ್ಳಿ.

ಒಂಟಿಯಾಗಿ ನಿಲ್ಲುವ ಕೆಲಸಕ್ಕೆ, ಅಂದರೆ ಮನೆ ಬಾಗಿಲಿನ "ಶ್ರೀ", ಒಂದೇ ಒಂದು ಪದಕ ಇಂಥವಕ್ಕೆ, ಪೂರ್ತಿ ಮಸಿಯ ನಡುವೇ ಚೆಂದ. ನಿಮ್ಮದು ಬ್ಯಾಡ್ಜ್. ಹತ್ತಾರು ಜನ ಒಟ್ಟಿಗೆ ಫೋಟೊಗೆ ನಿಲ್ಲುತ್ತಾರೆ. "ರ" ದಾರಿಯೇ ಹಿಡಿಯಿರಿ.

ಸೈಜು ಮೊದಲು, ಸರಿಸುವುದು ಆಮೇಲೆ. ನೀವು ತಿರುವುಮುರುವು ಮಾಡಿದ್ದೀರಿ. ವೃತ್ತಕ್ಕೆ ಹೆಸರು ಹಿಡಿಯುತ್ತದಾ ಅಂತ ಅಗಲ ಒಂದನ್ನೇ ನೋಡಬೇಡಿ, ಮೂಲೆಗಳು ಅಂಚಿಗೆ ತಾಗುತ್ತವೆ. ಅಗಲದ ವರ್ಗ, ಎತ್ತರದ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಕರ್ಣ ಸಿಗುತ್ತದೆ, ಅದು ಒಳವ್ಯಾಸಕ್ಕಿಂತ ಕಡಿಮೆ ಇರಬೇಕು. ಒಳವ್ಯಾಸ 68 ಮಿ.ಮೀ., ಹೆಸರು 90ಕ್ಕೆ 20 ಅಂದುಕೊಳ್ಳಿ. ಕರ್ಣ 92 ಚಿಲ್ಲರೆ. 73 ಪರ್ಸೆಂಟಿಗೆ ಇಳಿಸಬೇಕು. ಅಗಲ ಮಾತ್ರ ನೋಡಿದ್ದರೆ 75ಕ್ಕೇ ನಿಲ್ಲಿಸುತ್ತಿದ್ದಿರಿ. ಸ್ಕ್ರಿಪ್ಟ್‌ಗೆ ಎಲ್ಲ ಅಳತೆಯೂ ಪಾಯಿಂಟಲ್ಲೇ, 1 ಮಿ.ಮೀ. ಅಂದರೆ 2.8346 ಪಾಯಿಂಟ್. ಬೌಂಡ್ಸ್‌ನಲ್ಲಿ ವೈ ಮೇಲಕ್ಕೆ ಹೋದಂತೆ ಜಾಸ್ತಿ ಆಗುತ್ತದೆ, ಎತ್ತರ ಬೇಕಾದರೆ ಮೇಲಿನದರಲ್ಲಿ ಕೆಳಗಿನದನ್ನು ಕಳೆಯಿರಿ.

ಆಕಾರದ ಕಡೆಯೂ ಎಚ್ಚರ. ನಿಮ್ಮ ಬ್ಯಾಡ್ಜ್‌ಗೆ ಮೇಲೆ ದಾರದ ಕಿವಿ ಇದೆ. ಗ್ರೂಪಿನ ಬೌಂಡ್ಸ್ ತೆಗೆದರೆ ಆ ಕಿವಿಯೂ ಸೇರಿ ನಡು ಮೇಲೆ ಹೋಗುತ್ತದೆ. ಸ್ಕ್ರಿಪ್ಟ್ ಗುರುತು ಹಿಡಿಯಲು ವೃತ್ತಕ್ಕೊಂದು ಹೆಸರು ಕೊಟ್ಟು ಆ ವೃತ್ತವನ್ನೇ ಅಳೆಯಿರಿ. ವಿಸಿಬಲ್ ಬೌಂಡ್ಸ್ ಬೇಡ, ಅದರಲ್ಲಿ ಸ್ಟ್ರೋಕ್‌ನ (ಅಂಚಿನ ಗೆರೆ) ದಪ್ಪವೂ ಸೇರುತ್ತದೆ. ಕ್ಲಿಪಿಂಗ್ ಮಾಸ್ಕ್ (ಚಿತ್ರದ ಒಂದು ಭಾಗ ಮರೆಮಾಡುವ ಆಕಾರ) ಇದ್ದರೆ ಬೌಂಡ್ಸ್ ಮರೆಯಾಗಿರುವ ಚಿತ್ರವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ತ್ರಿಕೋನಕ್ಕೆ ಬೌಂಡ್ಸ್ ನಡು ಸರಿಹೋಗುವುದಿಲ್ಲ, ತಳದಿಂದ ಎತ್ತರದ ಮೂರರಲ್ಲಿ ಒಂದು ಭಾಗಕ್ಕೆ ಇಡಿ. ವೀಳ್ಯದೆಲೆ, ಅರಳಿ ಎಲೆ ಆಕಾರಕ್ಕೆ ನಾನು ಒಳಗೊಂದು ಬಣ್ಣವಿಲ್ಲದ ವೃತ್ತ ಬರೆದು ಅದಕ್ಕೇ ಕೂರಿಸುತ್ತೇನೆ.

ಗುಂಪಿನಲ್ಲಿ ಇಬ್ಬರು "ಅಲೈನ್ ಪ್ಯಾನೆಲ್ ಒತ್ತಿದರೆ ಮುಗೀತು, ಸ್ಕ್ರಿಪ್ಟ್ ಯಾಕೆ" ಅಂದಿದ್ದಾರೆ. ನಾಲ್ಕು ಹೆಸರಿಗಾದರೆ ಸರಿ. ಪಟ್ಟಿ ಉದ್ದ ಇದ್ದಾಗ ದಯವಿಟ್ಟು ಹಾಗೆ ಹೇಳಬೇಡಿ. ಸ್ಪೇಸ್ ಹೊಡೆದು ನಡುವೆ ತರುವವರೂ ಇದ್ದಾರೆ, ಅದನ್ನಂತೂ ಬಿಟ್ಟುಬಿಡಿ. ಎಕ್ಸೆಲ್‌ನಲ್ಲಿ ಹೆಸರಿನ ಕೊನೆಗೆ ಉಳಿದ ಸ್ಪೇಸ್ ಇಲ್ಲಿ ತೊಂದರೆ ಮಾಡುವುದಿಲ್ಲ, ಔಟ್‌ಲೈನ್‌ನಲ್ಲಿ ಸ್ಪೇಸ್‌ಗೆ ಮಸಿ ಇಲ್ಲವಲ್ಲ. ಖಾಲಿ ಸಾಲು ಬಂದರೆ ಮಾತ್ರ ಅದನ್ನು ದಾಟಿಸಿಬಿಡಿ.

ಒತ್ತು ಬಿಡಿಬಿಡಿಯಾಗಿ ಕಂಡರೆ ಮೊದಲು ಪ್ರಿಫರೆನ್ಸಸ್‌ನ ಟೈಪ್ ಭಾಗದಲ್ಲಿ ಇಂಡಿಕ್ ಆಯ್ಕೆ ಆನ್ ಮಾಡಿ, ಸೌತ್ ಏಷ್ಯನ್ ಕಂಪೋಸರ್ (ನಮ್ಮ ಲಿಪಿ ಜೋಡಿಸುವ ಆಯ್ಕೆ) ಹಾಕಿ. ಆಮೇಲೆ ಅಳೆಯಿರಿ. ಒಡೆದ ಅಕ್ಷರದ ಅಗಲ ಅಳೆದು ಏನು ಪ್ರಯೋಜನ? ಫಾಂಟ್ ಹೆಸರು ಮೆನುವಿನಲ್ಲಿ ಕಂಡಂತೆ ಕೊಡಬೇಡಿ, ಸ್ಕ್ರಿಪ್ಟ್‌ಗೆ ಪೋಸ್ಟ್‌ಸ್ಕ್ರಿಪ್ಟ್ ಹೆಸರು (ಫಾಂಟ್ ಫೈಲಿನ ಒಳಗಿರುವ ಹೆಸರು) ಬೇಕು. ಲೇಸರ್ ಕೆಲಸಕ್ಕೆ ನನಗೆ "ಬಾಲೂ ತಮ್ಮ" ಫಾಂಟ್ ಇಷ್ಟ, ಒತ್ತು ದಪ್ಪಗಿದೆ. ತುಂಗಾ ಸಣ್ಣ ಸೈಜಿನಲ್ಲಿ ನನಗೆ ಹಿಡಿಸಲಿಲ್ಲ.

ಪೈಥಾನ್‌ನ ಪಿಲ್ಲೊದಲ್ಲಿ (ಚಿತ್ರ ಮಾಡುವ ಲೈಬ್ರರಿ) ಮಾಡುತ್ತೇನೆ ಅಂದ ತಂಗಿಗೆ: ಅಳತೆ ಕೊಡುತ್ತಿದ್ದ ಟೆಕ್ಸ್ಟ್‌ಸೈಜ್ ಅನ್ನು 10ನೇ ಆವೃತ್ತಿಯಲ್ಲಿ ತೆಗೆದುಹಾಕಿದ್ದಾರೆ, ಟೆಕ್ಸ್ಟ್ ಬಿಬಾಕ್ಸ್ ಬಳಸಮ್ಮ. ನಡುವಿಗೆ ಕೂರಿಸಲು ಆಂಕರ್ "ಎಂಎಂ" (mm) ಕೊಟ್ಟರೂ ಅದು ಫಾಂಟ್‌ನ ಅಸೆಂಡರ್-ಡಿಸೆಂಡರ್ (ಮೇಲ್ಮಿತಿ-ಕೆಳಮಿತಿ) ನಡುವನ್ನೇ ಹಿಡಿಯುತ್ತದೆ, ಮಸಿಯ ನಡುವನ್ನಲ್ಲ. ಅಲ್ಲೂ "ರ" ಅಳೆಯುವುದೇ ದಾರಿ. ರಾಖ್ಮ್ (Raqm, ಅಕ್ಷರ ಜೋಡಿಸುವ ಲೈಬ್ರರಿ) ಇದೆಯಾ ಅಂತ ಮೊದಲು ನೋಡಿಕೊ, ಇಲ್ಲದಿದ್ದರೆ ಒತ್ತು ಕೂಡುವುದಿಲ್ಲ.

ಸರ್, ಮೆಷಿನ್‌ಗೆ ಕಳಿಸುವ ಮುಂಚೆ ರಮ, ಶ್ರೀ, ಕೃಷ್ಣಪ್ಪ, ಸಿದ್ಧಗಂಗಮ್ಮ ಈ ನಾಲ್ಕನ್ನು ಒಂದೇ ಸೈಜಿನಲ್ಲಿ, ಎರಡು ಫಾಂಟ್‌ನಲ್ಲಿ ಓಡಿಸಿ, ಕಾಗದದಲ್ಲಿ ಪ್ರಿಂಟ್ ತೆಗೆಯಿರಿ. ವೃತ್ತ ಕತ್ತರಿಸಿ, ಮೇಲಂಚು ಕೆಳಂಚಿಗೆ ಕೂಡುವಂತೆ ಅಡ್ಡಕ್ಕೆ ಮಡಿಸಿ. "ರಮ"ದಲ್ಲಿ ಮಡಿಕೆ ರ ಅಕ್ಷರದ ಸರಿ ಅರ್ಧದಲ್ಲಿ ಬೀಳಬೇಕು, ಅದೇ ಫಾಂಟ್‌ನ ಉಳಿದ ಮೂರನ್ನು ಪಕ್ಕದಲ್ಲಿಟ್ಟರೆ ಬೇಸ್‌ಲೈನ್ ಅದಕ್ಕೆ ಕೂಡಬೇಕು. ಮಡಿಸಿದ ಕಾಗದದ ಫೋಟೊ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.