ಸೆಪ್ಸಿಸ್‌ನಿಂದ ಶ್ವಾಸಕೋಶ ಕೆಟ್ಟಾಗ ಸ್ಟೆರಾಯ್ಡ್ ಏಕೆ, ನೋವಿನ ಮಾತ್ರೆ ಸಾಲದೇ?

ಕಲಬುರಗಿಯ ಆಸ್ಪತ್ರೆಯಲ್ಲಿರುವ ತಂದೆಯವರಿಗೆ ಸ್ಟೆರಾಯ್ಡ್ ಏಕೆ ಎಂದು ನೀವು ಕೇಳಿದ್ದೀರಿ. ಸೆಪ್ಸಿಸ್ ಎಂದರೆ ಸೋಂಕಿಗೆ ದೇಹ ಅತಿಯಾಗಿ ಕೆರಳಿ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವ ಸ್ಥಿತಿ. ಇಲ್ಲಿ ಶ್ವಾಸಕೋಶವನ್ನು ಕೆಡಿಸುವುದು ರೋಗಾಣು ಮಾತ್ರವಲ್ಲ. ತೊಗರಿ ಹೊಲದ ಬೇಲಿಯೇ ಎದ್ದು ಬೆಳೆ ಮೇದಂತೆ, ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಕೆರಳುತ್ತವೆ. ಸೂಕ್ಷ್ಮ ರಕ್ತನಾಳಗಳು ಸೋರಿ ಗಾಳಿಗೂಡುಗಳಲ್ಲಿ ದ್ರವ ತುಂಬುತ್ತದೆ.

ನೋವಿನ ಮಾತ್ರೆಯಾದ ಐಬುಪ್ರೊಫೆನ್ ಕೂಡ ಉರಿಯೂತ (ಈ ಕೆರಳಿಕೆ) ತಗ್ಗಿಸುತ್ತದೆ, ನಿಜ. ಆದರೆ 1997ರಲ್ಲಿ ಪ್ರಕಟವಾದ, 455 ಸೆಪ್ಸಿಸ್ ರೋಗಿಗಳ ಅಧ್ಯಯನದಲ್ಲಿ ಅದು ಜ್ವರ ಇಳಿಸಿತೇ ಹೊರತು ಸಾವು ತಗ್ಗಿಸಲಿಲ್ಲ. ಬಳಲಿದ ಮೂತ್ರಪಿಂಡಕ್ಕೂ ಅದು ಹೊರೆ. ಸ್ಟೆರಾಯ್ಡ್ ಕೆರಳಿಕೆಯನ್ನು ಹಲವು ಕಡೆಯಿಂದ ತಡೆಯುತ್ತದೆ: 2020ರ ಸ್ಪೇನ್ ಅಧ್ಯಯನದಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಪಡೆದವರು ವೆಂಟಿಲೇಟರ್‌ನಿಂದ ಬೇಗ ಹೊರಬಂದರು, ಸಾವೂ ಕಡಿಮೆಯಾಯಿತು. ಸ್ಟೆರಾಯ್ಡ್‌ನಿಂದ ರಕ್ತದ ಸಕ್ಕರೆ ಏರಬಹುದು, ಗಾಬರಿಯಾಗಬೇಡಿ; ವೈದ್ಯರು ಅದನ್ನು ಗಮನಿಸುತ್ತಿರುತ್ತಾರೆ. ಆದರೆ ರೋಗಾಣುವನ್ನು ಎದುರಿಸುವ ಆಂಟಿಬಯೋಟಿಕ್ ಮಾತ್ರ ತಪ್ಪುವಂತಿಲ್ಲ.