ಸಂಪಾದಕರ ಉತ್ತರ: ಆ ಕಾಗದಕ್ಕೆ ಬೆಲೆ ಇತ್ತಾ?

ದಾವಣಗೆರೆಯ ಒಬ್ಬ ನಿವೃತ್ತ ಸಮಾಜ ವಿಜ್ಞಾನ ಮೇಷ್ಟ್ರು ಬರೆದ ಪತ್ರ ಇದು. ಅವರ ಮೊಮ್ಮಗಳು ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿಯಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಪತ್ರದ ಮುಖ್ಯ ಭಾಗ ಹೀಗಿದೆ:

"ಮೊಮ್ಮಗಳು ಫೋನ್ ಮಾಡಿದಾಗಲೆಲ್ಲ ಅಲ್ಲಿನ ಪಾರ್ಲಿಮೆಂಟ್ ಮುಂದೆ ನಡೆಯುವ ಪ್ರತಿಭಟನೆ ಸುದ್ದಿ ಹೇಳುತ್ತಾಳೆ. ಅಮೆರಿಕ ಮತ್ತು ಜಾರ್ಜಿಯಾ 2009ರಲ್ಲಿ ಭದ್ರತೆ, ಪ್ರಜಾಪ್ರಭುತ್ವ, ಸಮೃದ್ಧಿಗಾಗಿ ಕಾರ್ಯತಂತ್ರದ ಪಾಲುದಾರಿಕೆಗೆ ಸಹಿ ಹಾಕಿದ್ದವಂತೆ. 2024ರಲ್ಲಿ ಅಮೆರಿಕ ಅದನ್ನು ಅಮಾನತು ಮಾಡಿತಂತೆ. ಇಷ್ಟು ಸುಲಭವಾಗಿ ಪಕ್ಕಕ್ಕಿಡುವ ಕಾಗದಕ್ಕೆ ಏನು ಬೆಲೆ? ದೊಡ್ಡ ದೇಶ ಚಿಕ್ಕ ದೇಶವನ್ನು ನಡುನೀರಲ್ಲಿ ಕೈಬಿಟ್ಟಿತು ಅಂತಲೇ ನನಗೆ ಅನ್ನಿಸುತ್ತದೆ. ತಪ್ಪಿದ್ದರೆ ತಿದ್ದಿ."

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ತಡವಾಗಿದ್ದಕ್ಕೆ ಕ್ಷಮಿಸಿ. ಓದುಗರ ಅಂಕಣದಲ್ಲಿ ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ. ನೀವು ಬರೆದ ಸಂಗತಿಗಳಲ್ಲಿ ತಪ್ಪಿಲ್ಲ. ಆದರೆ ಕೈಬಿಟ್ಟವರು ಯಾರು ಅನ್ನುವ ವಿಷಯದಲ್ಲಿ ನನಗೆ ಬೇರೆ ಅಭಿಪ್ರಾಯ ಇದೆ.

ಮೊದಲು ಆ ಕಾಗದ ಹುಟ್ಟಿದ ಹೊತ್ತನ್ನು ನೆನಪಿಸಿಕೊಳ್ಳೋಣ. ಜಾರ್ಜಿಯಾ ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಜನಸಂಖ್ಯೆ 40 ಲಕ್ಷಕ್ಕೂ ಕಡಿಮೆ. ಉತ್ತರಕ್ಕೆ ಕಾಕಸಸ್ ಬೆಟ್ಟಸಾಲು, ಅದರಾಚೆ ರಷ್ಯಾ. 2008ರ ಏಪ್ರಿಲ್‌ನಲ್ಲಿ ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಸೇರಿದ್ದ ನೇಟೊ, ಅಂದರೆ ಅಮೆರಿಕ ಮತ್ತು ಯುರೋಪಿನ ಸೇನಾ ಕೂಟದ ದೇಶಗಳು, ಜಾರ್ಜಿಯಾ ಮುಂದೊಂದು ದಿನ ನಮ್ಮ ಸದಸ್ಯ ಆಗುತ್ತದೆ ಎಂದು ಘೋಷಿಸಿದವು. ಯಾವಾಗ, ಹೇಗೆ ಅಂತ ಮಾತ್ರ ಹೇಳಲಿಲ್ಲ. ನಾಲ್ಕೇ ತಿಂಗಳಿಗೆ, ಆಗಸ್ಟ್‌ನಲ್ಲಿ, ಯುದ್ಧ ಬಂತು. ರಷ್ಯಾ ಜೊತೆ ಐದು ದಿನದ ಯುದ್ಧ. ಆಗ ಜಾರ್ಜಿಯಾದ ಸುಮಾರು 2,000 ಸೈನಿಕರು ಅಮೆರಿಕದ ಜೊತೆ ಇರಾಕ್‌ನಲ್ಲಿದ್ದರು. ಅಮೆರಿಕ ತನ್ನ ವಿಮಾನದಲ್ಲಿ ಅವರನ್ನು ಊರಿಗೆ ತಂದು ಇಳಿಸಿತು. ಯುದ್ಧಕ್ಕೆ ಮಾತ್ರ ತಾನು ಇಳಿಯಲಿಲ್ಲ. ಜಾರ್ಜಿಯಾದಿಂದ ಬೇರೆಯಾಗಲು ಹೊರಟಿದ್ದ ಅಬ್ಖಾಜಿಯಾ, ದಕ್ಷಿಣ ಒಸೇಶಿಯಾ ಪ್ರಾಂತ್ಯಗಳೆರಡನ್ನೂ ರಷ್ಯಾ ಸ್ವತಂತ್ರ ದೇಶಗಳೆಂದು ಮಾನ್ಯ ಮಾಡಿತು. ದೇಶದ ಐದನೇ ಒಂದು ಭಾಗ ಹಾಗೆ ಕೈತಪ್ಪಿತು.

ಕೈತಪ್ಪುವುದು ಅಂದರೆ ನಕ್ಷೆಯಲ್ಲಿ ಬಣ್ಣ ಬದಲಾಗುವುದು ಮಾತ್ರ ಅಲ್ಲ ಮೇಷ್ಟ್ರೇ. ದಕ್ಷಿಣ ಒಸೇಶಿಯಾದ ಅಂಚಿನಲ್ಲಿ ಖುರ್ವಾಲೇತಿ ಅಂತ ಒಂದು ಹಳ್ಳಿ ಇದೆ. ಯುದ್ಧ ಮುಗಿದು ವರ್ಷಗಳಾದ ಮೇಲೆ ಅಲ್ಲಿ ರಷ್ಯಾದ ಕಾವಲಿನವರು ಮುಳ್ಳುತಂತಿ ಎಳೆದರು. ಒಬ್ಬ ಮುದುಕರ ಮನೆ ತಂತಿಯ ಆಚೆ ಬದಿಗೆ ಹೋಯಿತು. ಅವರು ಮನೆ ಬಿಟ್ಟು ಬರಲಿಲ್ಲ. ನೋಡಲು ಹೋದವರ ಜೊತೆ ತಂತಿ ಹಿಡಿದು ನಿಂತು ಮಾತಾಡುತ್ತಿದ್ದರು. ಔಷಧಿ, ದಿನಸಿಯನ್ನು ಜನ ತಂತಿಯ ಸಂದಿಯಿಂದ ಕೊಡುತ್ತಿದ್ದರು. ಭದ್ರತೆ ಅನ್ನುವ ಪದ ಕಂಡಾಗಲೆಲ್ಲ ನನಗೆ ಆ ಬೇಲಿ ನೆನಪಾಗುತ್ತದೆ.

ಯುದ್ಧ ನಿಂತು ಐದು ತಿಂಗಳಿಗೆ, 2009ರ ಜನವರಿ 9ರಂದು, ವಾಷಿಂಗ್ಟನ್‌ನಲ್ಲಿ ಸಹಿ ಬಿತ್ತು. ಅಮೆರಿಕದ ಕಡೆಯಿಂದ ವಿದೇಶಾಂಗ ಸಚಿವೆ ಕಾಂಡೊಲೀಜಾ ರೈಸ್, ಜಾರ್ಜಿಯಾದ ಕಡೆಯಿಂದ ವಿದೇಶಾಂಗ ಸಚಿವ ಗ್ರಿಗೋಲ್ ವಶಾದ್ಜೆ. ಬುಷ್ ಸರ್ಕಾರದ ಅವಧಿ ಮುಗಿಯಲು 11 ದಿನ ಬಾಕಿ ಇತ್ತು. ಉಕ್ರೇನ್ ಜೊತೆಗಿನ ಇಂಥದ್ದೇ ಕಾಗದಕ್ಕೆ ಅದಕ್ಕೂ ಮೂರು ವಾರ ಮೊದಲು ಸಹಿಯಾಗಿತ್ತು.

ನೀವು ಪಾಠ ಮಾಡಿದವರು, ಹಾಗಾಗಿ ಆ ಕಾಗದದ ವ್ಯಾಕರಣದ ಬಗ್ಗೆ ಒಂದು ಮಾತು. ಅದು ಒಪ್ಪಂದ ಅಲ್ಲ, ಸನ್ನದು. ನೇಟೊ ಒಪ್ಪಂದದಲ್ಲಿ ಒಬ್ಬ ಸದಸ್ಯನ ಮೇಲೆ ದಾಳಿಯಾದರೆ ಅದು ಎಲ್ಲರ ಮೇಲಿನ ದಾಳಿ ಎಂಬ ಕಲಮು ಇದೆ. ಈ ಸನ್ನದಿನಲ್ಲಿ ಅದು ಇಲ್ಲ. ಇಲ್ಲಿನ ಕ್ರಿಯಾಪದಗಳೆಲ್ಲ "ಮಾಡುವ ಉದ್ದೇಶ ಇದೆ" ಅನ್ನುವ ಧಾಟಿಯವು. "ಮಾಡಲೇಬೇಕು" ಅನ್ನುವಂಥವಲ್ಲ. ಅಮೆರಿಕದ ಸೆನೆಟ್ ಇದಕ್ಕೆ ಮತ ಹಾಕಿ ಒಪ್ಪಿಗೆ ಕೊಟ್ಟಿದ್ದೂ ಇಲ್ಲ. ಹಾಗಾಗಿಯೇ ಅದನ್ನು ಒಂದು ಹೇಳಿಕೆಯಲ್ಲಿ ಪಕ್ಕಕ್ಕಿಡಲು ಸಾಧ್ಯವಾಯಿತು.

ಹಾಗಾದರೆ ಸುಮ್ನೆ ಬರೆದಿದ್ದಾ? ಅಲ್ಲ. ಸನ್ನದಿನ ಪ್ರಕಾರ ಎರಡೂ ಕಡೆಯ ಅಧಿಕಾರಿಗಳ ನಾಲ್ಕು ಕಾರ್ಯತಂಡಗಳು ಆದವು. ರಕ್ಷಣೆಗೆ ಒಂದು, ಪ್ರಜಾಪ್ರಭುತ್ವ ಮತ್ತು ಆಡಳಿತಕ್ಕೆ ಒಂದು, ವ್ಯಾಪಾರ ಮತ್ತು ಇಂಧನಕ್ಕೆ ಒಂದು, ಜನರ ನಡುವಿನ ಓಡಾಟಕ್ಕೆ ಒಂದು. ಕೇಳಲು ಸಪ್ಪೆ ಅನ್ನಿಸುತ್ತದೆ. ಆದರೆ ಕೆಲಸ ಆಗುವುದು ಇಂಥ ಸಭೆಗಳಲ್ಲೇ. ಜಾರ್ಜಿಯಾದ ಸೈನಿಕರು ಅಫ್ಘಾನಿಸ್ತಾನದ ಹೆಲ್ಮಂಡ್‌ನಲ್ಲಿ ಅಮೆರಿಕನ್ನರ ಜೊತೆ ನಿಂತರು, 30ಕ್ಕೂ ಹೆಚ್ಚು ಮಂದಿ ಅಲ್ಲಿ ಪ್ರಾಣ ಬಿಟ್ಟರು. 2017ರಲ್ಲಿ ಅಮೆರಿಕ ಜಾರ್ಜಿಯಾಕ್ಕೆ ಟ್ಯಾಂಕ್ ಹೊಡೆಯುವ ಜಾವೆಲಿನ್ ಕ್ಷಿಪಣಿ ಮಾರಲು ಒಪ್ಪಿತು. ಇವು ಪತ್ರಿಕೆಯ ಮುಖಪುಟಕ್ಕೆ ಬರುವ ವಿಷಯ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. 2013ರಲ್ಲಿ 14 ಕೋಟಿ ಡಾಲರ್ ನೆರವು ಶಿಕ್ಷಣಕ್ಕಾಗಿ ಬಂತು. ಆ ದುಡ್ಡಲ್ಲಿ ಹಳ್ಳಿ, ಪಟ್ಟಣದ ಹಳೇ ಶಾಲೆಗಳು ರಿಪೇರಿಯಾದವು. ಹಿಮ ಬೀಳುವ ಊರಲ್ಲಿ ಮಕ್ಕಳಿಗೆ ಬೆಚ್ಚಗಿನ ಕೊಠಡಿ, ವಿಜ್ಞಾನದ ಲ್ಯಾಬ್ ಸಿಕ್ಕಿತು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯ ಟಿಬಿಲಿಸಿಯಲ್ಲೇ ಕುಳಿತು ಎಂಜಿನಿಯರಿಂಗ್ ಪದವಿ ಕೊಟ್ಟಿತು. ಸನ್ನದು ಅಮಾನತಾಯಿತು ಅಂತ ಆ ಹುಡುಗ ಹುಡುಗಿಯರ ಕೈಯಿಂದ ಪದವಿಯನ್ನು ಯಾರೂ ಕಿತ್ತುಕೊಳ್ಳಲು ಆಗುವುದಿಲ್ಲ.

ಈಗ ಮುರಿದದ್ದು ಎಲ್ಲಿ ಅನ್ನುವುದಕ್ಕೆ ಬರುತ್ತೇನೆ.

2012ರ ಚುನಾವಣೆಯಲ್ಲಿ ಕೋಟ್ಯಧೀಶ ಬಿಡ್ಜಿನಾ ಇವಾನಿಶ್ವಿಲಿ ಕಟ್ಟಿದ "ಜಾರ್ಜಿಯನ್ ಡ್ರೀಮ್" ಪಕ್ಷ ಗೆದ್ದಿತು. ಸೋತವರು ಶಾಂತಿಯಿಂದ ಕುರ್ಚಿ ಬಿಟ್ಟರು. ಆ ಭಾಗದ ದೇಶಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಗೆದ್ದವರೂ ಮೊದಮೊದಲು ಯುರೋಪ್ ಕಡೆಗೇ ನಡೆದರು. ಯುರೋಪಿಯನ್ ಒಕ್ಕೂಟಕ್ಕೆ, ನೇಟೊಗೆ ಸೇರಲು ಸರ್ಕಾರದ ಎಲ್ಲ ಅಂಗಗಳೂ ದುಡಿಯಬೇಕು ಅಂತ ಸಂವಿಧಾನದಲ್ಲೇ, 78ನೇ ವಿಧಿಯಲ್ಲಿ, ಬರೆದುಕೊಂಡರು. 2023ರ ಡಿಸೆಂಬರ್‌ನಲ್ಲಿ ಒಕ್ಕೂಟವೂ ಜಾರ್ಜಿಯಾಕ್ಕೆ ಅಭ್ಯರ್ಥಿ ದೇಶದ ಸ್ಥಾನ ಕೊಟ್ಟಿತು.

ಅಷ್ಟು ಹೊತ್ತಿಗಾಗಲೇ ಸರ್ಕಾರದ ದಾರಿ ತಿರುಗಿತ್ತು. ಹೊರದೇಶದಿಂದ ಶೇಕಡ 20ಕ್ಕಿಂತ ಜಾಸ್ತಿ ದುಡ್ಡು ಪಡೆಯುವ ಸಂಘ ಸಂಸ್ಥೆಗಳು, ಪತ್ರಿಕೆಗಳು "ವಿದೇಶಿ ಶಕ್ತಿಯ ಹಿತ ಕಾಯುವವರು" ಅಂತ ನೋಂದಾಯಿಸಿಕೊಳ್ಳಬೇಕು ಅನ್ನುವ ಕಾನೂನು ತಂದರು. 2023ರ ಮಾರ್ಚ್‌ನಲ್ಲಿ ಜನ ಬೀದಿಗಿಳಿದಾಗ ಹಿಂದೆ ಪಡೆದರು. 2024ರಲ್ಲಿ ಮತ್ತೆ ತಂದರು. ರಷ್ಯಾದ ಕಾನೂನಿನ ನೆರಳು ಅದರಲ್ಲಿತ್ತು. ಜನ ಅದನ್ನು "ರಷ್ಯಾ ಕಾನೂನು" ಅಂತಲೇ ಕರೆದರು. ಆಗಿನ ಅಧ್ಯಕ್ಷೆ ಸಲೋಮೆ ಜುರಾಬಿಶ್ವಿಲಿ ತಡೆ ಹಾಕಿದರು. ಮೇ 28ರಂದು ಸಂಸತ್ತು ಆ ತಡೆಯನ್ನು ಮೀರಿ ಕಾನೂನು ಪಾಸು ಮಾಡಿತು.

ಅಮೆರಿಕ ಒಂದೇ ದಿನದಲ್ಲಿ ಬಾಗಿಲು ಹಾಕಲಿಲ್ಲ, ಇದನ್ನು ಗಮನಿಸಬೇಕು. ಮೇ ತಿಂಗಳಲ್ಲಿ, ಸಂಬಂಧವನ್ನು ಪೂರ್ತಿ ಪರಿಶೀಲಿಸುತ್ತೇವೆ ಎಂದಿತು. ಜುಲೈನಲ್ಲಿ 9.5 ಕೋಟಿ ಡಾಲರ್‌ಗೂ ಹೆಚ್ಚಿನ ನೆರವು ನಿಲ್ಲಿಸಿತು, ಜಂಟಿ ಸೇನಾ ತಾಲೀಮು ಮುಂದೂಡಿತು. ಅಕ್ಟೋಬರ್ 26ರ ಚುನಾವಣೆಯಲ್ಲಿ ಸುಮಾರು ಶೇಕಡ 54 ಮತ ಬಂತೆಂದು ಆಳುವ ಪಕ್ಷ ಗೆದ್ದಿತು. ವಿರೋಧ ಪಕ್ಷಗಳು ಒಪ್ಪಲಿಲ್ಲ. ನವೆಂಬರ್ 28ರಂದು ಪ್ರಧಾನಿ ಇರಾಕ್ಲಿ ಕೊಬಾಖಿದ್ಜೆ, ಒಕ್ಕೂಟ ಸೇರುವ ಮಾತುಕತೆಯನ್ನು 2028ರ ಕೊನೆಯವರೆಗೆ ಎತ್ತುವುದಿಲ್ಲ ಎಂದರು. ಆ ರಾತ್ರಿಯೇ ಟಿಬಿಲಿಸಿಯ ಪಾರ್ಲಿಮೆಂಟ್ ಮುಂದಿನ ರುಸ್ತಾವೇಲಿ ರಸ್ತೆ ಜನರಿಂದ ತುಂಬಿತು. ಪೊಲೀಸರು ನೀರಿನ ಫಿರಂಗಿ, ಅಶ್ರುವಾಯು ಬಳಸಿದರು. ಎರಡು ದಿನ ಬಿಟ್ಟು, ನವೆಂಬರ್ 30ರಂದು, ಸನ್ನದು ಅಮಾನತು. ಪಾಲುದಾರಿಕೆಯ ಬುಡವೇ ಪ್ರಜಾಪ್ರಭುತ್ವ, ಕಾನೂನಿನ ಆಡಳಿತ. ಅದನ್ನೇ ಮುರಿದಿದ್ದೀರಿ ಅನ್ನುವುದು ಅಮೆರಿಕ ಕೊಟ್ಟ ಕಾರಣ.

ಆಳುವ ಪಕ್ಷದ ವಾದವನ್ನೂ ಹೇಳಬೇಕು. ಚುನಾವಣೆ ಹೊತ್ತಿಗೆ ಊರೆಲ್ಲ ಅವರ ದೊಡ್ಡ ಪೋಸ್ಟರ್‌ಗಳಿದ್ದವು. ಒಂದು ಬದಿಗೆ ಉಕ್ರೇನ್‌ನ ಬಾಂಬ್ ಬಿದ್ದ ಚರ್ಚು, ಮುರಿದ ಸೇತುವೆ, ಕಪ್ಪು ಬಿಳುಪಿನಲ್ಲಿ. ಇನ್ನೊಂದು ಬದಿಗೆ ಜಾರ್ಜಿಯಾದ ಚರ್ಚು, ಸೇತುವೆ, ಬಣ್ಣದಲ್ಲಿ. ನಮಗೆ ಶಾಂತಿ ಬೇಕು, ಪಶ್ಚಿಮದವರು ನಮ್ಮನ್ನು ಯುದ್ಧಕ್ಕೆ ನೂಕುತ್ತಾರೆ ಅನ್ನುವುದು ಅವರ ಮಾತು. ಐದು ದಿನದ ಯುದ್ಧ ಕಂಡವರಿಗೆ ಆ ಭಯ ಸುಳ್ಳಲ್ಲ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಯುದ್ಧ ಬೇಡ ಅನ್ನುವುದಕ್ಕೂ, ಪತ್ರಕರ್ತರಿಗೆ ವಿದೇಶಿ ಏಜೆಂಟರೆಂದು ಹಣೆಪಟ್ಟಿ ಹಚ್ಚುವುದಕ್ಕೂ ಏನು ಸಂಬಂಧ? ಎಷ್ಟು ಓದಿದರೂ ನನಗೆ ಉತ್ತರ ಸಿಗಲಿಲ್ಲ.

ನಿಮ್ಮ "ಕೈಬಿಟ್ಟಿತು" ಅನ್ನುವ ಮಾತಿಗೆ ನನ್ನ ಉತ್ತರ ಇಲ್ಲಿದೆ. ಸನ್ನದನ್ನು ಮೊದಲು ಕೈಬಿಟ್ಟದ್ದು ಅಮೆರಿಕ ಅಲ್ಲ. ಅದರಲ್ಲಿ ಸ್ವತಂತ್ರ ಮಾಧ್ಯಮ, ನ್ಯಾಯಾಂಗ ಬಲಪಡಿಸುವ ಮಾತು ಕೊಟ್ಟಿದ್ದ ದೇಶದ ಸರ್ಕಾರವೇ ಮೊದಲು ಬಿಟ್ಟಿತ್ತು. ಈ ಪಾಲುದಾರಿಕೆಯಲ್ಲಿ ಭದ್ರತೆಯ ಕಂಬ ನಿಂತದ್ದು ಪ್ರಜಾಪ್ರಭುತ್ವದ ನೆಲದ ಮೇಲೆ. ನೆಲ ಅಗೆದು ಕಂಬ ಉಳಿಯಲಿ ಅಂದರೆ ಆಗುತ್ತದಾ?

ಆದರೆ ನಿಮ್ಮ ಕೋಪದಲ್ಲೂ ನ್ಯಾಯ ಇದೆ. ಸನ್ನದಿನಲ್ಲಿ ಮುಕ್ತ ವ್ಯಾಪಾರ ಒಪ್ಪಂದದ ಸಾಧ್ಯತೆ ನೋಡುತ್ತೇವೆ ಅಂತ ಬರೆದಿತ್ತು. ಅದು ಆಗಲೇ ಇಲ್ಲ. ನೇಟೊ ಬಾಗಿಲು ತೆರೆದಿದೆ ಎಂದು ಹದಿನಾರು ವರ್ಷ ಹೇಳಿದರು, ಒಳಗೆ ಕರೆಯಲಿಲ್ಲ. ಕಪ್ಪು ಸಮುದ್ರದ ಅನಾಕ್ಲಿಯಾದಲ್ಲಿ ಆಳ ಬಂದರು ಕಟ್ಟುವ ಗುತ್ತಿಗೆ ಮೊದಲು ಅಮೆರಿಕದ ಕಂಪನಿಯೂ ಇದ್ದ ಕೂಟಕ್ಕೆ ಹೋಗಿತ್ತು. 2020ರಲ್ಲಿ ಜಾರ್ಜಿಯಾ ಸರ್ಕಾರವೇ ಅದನ್ನು ರದ್ದು ಮಾಡಿತು. 2024ರಲ್ಲಿ ಟೆಂಡರ್‌ಗೆ ಕೊನೆಗೆ ಉಳಿದದ್ದು ಚೀನಾದ ಕೂಟ ಒಂದೇ. ಅದಕ್ಕೂ ಮೊದಲು, 2023ರ ಜುಲೈನಲ್ಲಿ, ಜಾರ್ಜಿಯಾ ಚೀನಾ ಜೊತೆಗೂ ಒಂದು ಪಾಲುದಾರಿಕೆ ಘೋಷಿಸಿತ್ತು. ಅದರ ಹೆಸರೂ ಕಾರ್ಯತಂತ್ರದ ಪಾಲುದಾರಿಕೆಯೇ! ಒಂದೇ ಹೆಸರಿನ ಕೆಳಗೆ ಎಷ್ಟು ಬೇರೆ ಬೇರೆ ಕಾಗದ ಇರಬಹುದು ನೋಡಿ. ನಮ್ಮ ದೇಶವೂ 1998ರಲ್ಲಿ ಫ್ರಾನ್ಸ್ ಜೊತೆ ಶುರು ಮಾಡಿ ಹಲವು ದೇಶಗಳ ಜೊತೆ ಇದೇ ಹೆಸರಿನ ಪಾಲುದಾರಿಕೆ ಮಾಡಿಕೊಂಡಿದೆ. ಹೆಸರು ನೋಡಿ ಅಳೆಯಬೇಡಿ, ಒಳಗೆ ಯಾವ ಕೆಲಸಕ್ಕೆ ಯಾರು ಹೊಣೆ ಅಂತ ಬರೆದಿದೆ ಅನ್ನುವುದನ್ನು ನೋಡಿ.

2025ರ ಮೇನಲ್ಲಿ ಅಮೆರಿಕ ಸಂಸತ್ತಿನ ಕೆಳಮನೆ ಜಾರ್ಜಿಯಾ ಕುರಿತು ಒಂದು ಮಸೂದೆ ಪಾಸು ಮಾಡಿತು. ಅದರ ಹೆಸರು ಮೆಗೋಬಾರಿ. ಜಾರ್ಜಿಯಾ ಭಾಷೆಯಲ್ಲಿ ಗೆಳೆಯ ಅಂತ ಅರ್ಥ. ತಪ್ಪು ಮಾಡಿದ ಅಧಿಕಾರಿಗಳಿಗೆ ನಿರ್ಬಂಧ, ಸರಿದಾರಿಗೆ ಬಂದರೆ ನೆರವು ಅನ್ನುವುದು ಅದರ ಸಾರಾಂಶ. ಸರ್ಕಾರ ಬೇರೆ, ಜನ ಬೇರೆ ಅಂತ ಗುರುತಿಸುವ ಆ ಯೋಚನೆ ನನಗೆ ಸರಿ ಅನ್ನಿಸಿತು.

ಮೊಮ್ಮಗಳ ವಿಷಯ. ಓದು ನಡೆಯಲಿ, ಸನ್ನದಿಗೂ ಆಕೆಯ ಕಾಲೇಜಿಗೂ ಸಂಬಂಧ ಇಲ್ಲ. ಸಂಜೆ ಹೊತ್ತು ರುಸ್ತಾವೇಲಿ ರಸ್ತೆ ಕಡೆ ಹೋಗುವುದು ಬೇಡ ಅಂತ ಹೇಳಿ. ಹೊರದೇಶದ ವಿದ್ಯಾರ್ಥಿ ಗುಂಪಿನಲ್ಲಿ ಸಿಕ್ಕಿಕೊಂಡರೆ ವೀಸಾದ ತಲೆನೋವು ಶುರುವಾಗುತ್ತದೆ. ಬಿಡುವಾದಾಗ ತನ್ನ ಜೊತೆ ಓದುವ ಜಾರ್ಜಿಯಾದ ಹುಡುಗಿಯರು ಈ ಬಗ್ಗೆ ಏನು ಮಾತಾಡಿಕೊಳ್ಳುತ್ತಾರೆ ಅಂತ ನಮಗೆ ಒಂದು ಪುಟ ಬರೆದು ಕಳಿಸಲಿ. ಆಕೆಯ ಹೆಸರು, ಕಾಲೇಜು ಯಾವುದನ್ನೂ ಹಾಕದೆ ಅಚ್ಚು ಮಾಡುತ್ತೇವೆ.