ಅಡುಗೆಮನೆಗೆ ಹೋದ ಪಿಟೀಲು

(ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ‘1980ರ ದಶಕದಲ್ಲಿ ನಮ್ಮ ತಂದೆ ಮನೆಗೆ ಮೊದಲ ಸ್ಟೀರಿಯೋ ತಂದರು. ಒಂದು ಸ್ಪೀಕರ್ ನಡುಮನೆಯಲ್ಲಿ, ಇನ್ನೊಂದು ಅಮ್ಮನಿಗೆಂದು ಅಡುಗೆಮನೆಯಲ್ಲಿ. ನೂರಾರು ಸಲ ಹಾಕಿದ ಒಂದು ಕಛೇರಿಯ ಕ್ಯಾಸೆಟ್ ಬಗ್ಗೆ ಈಗ ಮಾತಾಡಿದರೆ ನನಗೆ ಮೃದಂಗವೇ ನೆನಪು, ಅಮ್ಮನಿಗೆ ಪಿಟೀಲೇ ನೆನಪು. ಯಾರದು ಸರಿ? ಪೆಟ್ಟಿಗೆ ಅಟ್ಟದ ಮೇಲಿದೆ. ಗುಜರಿಗೆ ಹಾಕಲೇ?’)

ಸಂಪಾದಕರ ಉತ್ತರ:

ಇಬ್ಬರದೂ ಸರಿ. ನಿಮ್ಮ ತಾಯಿಯವರು ಅಷ್ಟು ವರ್ಷ ಕೇಳಿದ್ದು ಅರ್ಧ ಕಛೇರಿ. ನೀವು ಕೇಳಿದ್ದು ಉಳಿದರ್ಧ.

ಕರ್ನಾಟಕ ಸಂಗೀತದ ಕಛೇರಿಯಲ್ಲಿ ಸಾಮಾನ್ಯವಾಗಿ ಗಾಯಕರ ಎಡಕ್ಕೆ ಪಿಟೀಲು, ಬಲಕ್ಕೆ ಮೃದಂಗ. ಸ್ಟೀರಿಯೋ ಧ್ವನಿಮುದ್ರಣ ಈ ಕೂರುವ ಕ್ರಮವನ್ನು ಹಾಗೆಯೇ ಹಿಡಿದಿಡಲು ನೋಡುತ್ತದೆ. ಪಿಟೀಲಿನ ಹೆಚ್ಚಿನ ಪಾಲು ಒಂದು ಸ್ಪೀಕರಿಗೆ, ಮೃದಂಗದ್ದು ಇನ್ನೊಂದಕ್ಕೆ. ನಡುವೆ ಕುಳಿತ ಗಾಯಕರ ದನಿ ಮಾತ್ರ ಎರಡಕ್ಕೂ ಸಮಪಾಲು. ಹಾಡಿಕೆಯ ಬಗ್ಗೆ ತಾಯಿ ಮಕ್ಕಳಲ್ಲಿ ತಕರಾರಿಲ್ಲದಿರುವುದು ಅದಕ್ಕೇ. ಎಡ, ಬಲ ಬೇರೆ ಮಾಡದೆ ಎಲ್ಲವನ್ನೂ ಒಂದೇ ದನಿಯಾಗಿ ಕೇಳಿಸುವ ಮೊನೋ ಟೇಪ್‌ರೆಕಾರ್ಡರಿನಲ್ಲಿ ಅದೇ ಕ್ಯಾಸೆಟ್ ಹಾಕಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಬಗೆಯ ಕ್ಯಾಸೆಟ್‌ನಲ್ಲಿ ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಟೇಪಿನ ಮೇಲೆ ಎಡ, ಬಲದ ಪಟ್ಟಿಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಮೊನೋ ಯಂತ್ರದ ಹೆಡ್, ಅಂದರೆ ಟೇಪನ್ನು ಓದುವ ಭಾಗ, ಎರಡನ್ನೂ ಒಟ್ಟಿಗೇ ಓದಿಬಿಡುತ್ತದೆ.

ನಿಮ್ಮ ತಂದೆಯವರನ್ನು ದೂರುವವನು ನಾನಲ್ಲ. ಆಗ ಯಾರ ಮನೆಯಲ್ಲಿ ಸ್ಟೀರಿಯೋವನ್ನು ಸ್ಟೀರಿಯೋದಂತೆ ಕೇಳುತ್ತಿದ್ದರು? ಎರಡೂ ಸ್ಪೀಕರುಗಳಿಂದ ಸಮದೂರದಲ್ಲಿ ಕೂರಬೇಕಾದ ಜಾಗದಲ್ಲಿ ನಮ್ಮ ಮನೆಯಲ್ಲಿ ಊಟದ ಎಲೆ ಹಾಕುತ್ತಿದ್ದರು. ಒಂದು ಸ್ಪೀಕರ್ ಬೀರುವಿನ ಮೇಲೆ, ಇನ್ನೊಂದು ಕಿಟಕಿಯ ಹಲಗೆಯ ಮೇಲೆ. ಯಂತ್ರಕ್ಕೆ ಕಸೂತಿ ಹಾಕಿದ ಮುಸುಕು. ಮರದ ಪೆಟ್ಟಿಗೆಗೆ ದುಡ್ಡು ಸಾಲದವರು ಬಿಡಿ ಸ್ಪೀಕರ್ ತಂದು ಮಣ್ಣಿನ ಮಡಕೆಯ ಬಾಯಿಗೆ ಕೂರಿಸುತ್ತಿದ್ದರು. ನಗಬೇಡಿ, ಅದು ಚೆನ್ನಾಗಿಯೇ ಗುಂಯ್‌ಗುಡುತ್ತಿತ್ತು. ಅಡುಗೆಮನೆಗೂ ಒಂದು ಪಾಲು ಹೋಗಲೆಂದು ಗೋಡೆಯುದ್ದಕ್ಕೂ ವೈರ್ ಎಳೆದವರ ವಿವೇಕವೇ ಮೇಲು.

ಗುಜರಿಗೆ ಖಂಡಿತ ಹಾಕಬೇಡಿ. ಆದರೆ ಅಟ್ಟದಿಂದ ಇಳಿಸಿದ ಕೂಡಲೇ ಕ್ಯಾಸೆಟ್ ತುರುಕಲೂ ಬೇಡಿ. ಒಳಗಿನ ರಬ್ಬರ್ ಬೆಲ್ಟ್ ಇಷ್ಟು ವರ್ಷಕ್ಕೆ ಸಡಿಲಾಗಿರುತ್ತದೆ, ಇಲ್ಲವೇ ಕರಗಿ ಡಾಂಬರಿನಂತೆ ಅಂಟಿಕೊಂಡಿರುತ್ತದೆ. ಟೇಪನ್ನು ಸುರುಳಿ ಸುರುಳಿಯಾಗಿ ನುಂಗುವುದು ಇಂಥ ಯಂತ್ರಗಳೇ. ಬೆಲ್ಟ್ ಬದಲಾಯಿಸಿ, ಹೆಡ್ಡನ್ನೂ ಟೇಪನ್ನು ಒತ್ತಿ ಮುಂದೆ ಸಾಗಿಸುವ ರಬ್ಬರ್ ಗಾಲಿಯಾದ ಪಿಂಚ್ ರೋಲರನ್ನೂ ಒರೆಸಿಕೊಡುವ ಹಳೆಯ ಮೆಕ್ಯಾನಿಕ್ ನಿಮ್ಮೂರಿನಲ್ಲಿ ಇನ್ನೂ ಸಿಕ್ಕಾರು.

ಬಳಿಕ ಎರಡೂ ಸ್ಪೀಕರುಗಳನ್ನು ಒಂದೇ ಗೋಡೆಗೆ ತನ್ನಿ. ಒಂದರ ಪ್ಲಸ್, ಮೈನಸ್ ವೈರ್ ಅದಲುಬದಲಾಗಿದ್ದರೆ, ಸದ್ದು ಹೊರಡಿಸಲು ಸ್ಪೀಕರಿನಲ್ಲಿ ಅದುರುವ ಪರದೆ ಒಂದರಲ್ಲಿ ಮುಂದಕ್ಕೆ ಬಂದಾಗ ಇನ್ನೊಂದರಲ್ಲಿ ಹಿಂದಕ್ಕೆ ಹೋಗಿ, ಮಂದ್ರಸ್ವರಗಳು ಸೊರಗುತ್ತವೆ, ಹಾಡುವವರು ಎಲ್ಲಿದ್ದಾರೆಂದೇ ತಿಳಿಯುವುದಿಲ್ಲ. ಬೇರೆ ಬೇರೆ ಕೋಣೆಯಲ್ಲಿದ್ದಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ಪರೀಕ್ಷೆ ಸುಲಭ: ಯಂತ್ರದಿಂದ ಬಿಚ್ಚಿದ ವೈರಿನ ತುದಿಗಳನ್ನು ಒಂದೂವರೆ ವೋಲ್ಟಿನ ಸೆಲ್ಲಿಗೆ ಕ್ಷಣಮಾತ್ರ ತಾಗಿಸಿ. ಪರದೆ ಚಟ್ಟನೆ ಹೊರಕ್ಕೆ ಜಿಗಿದರೆ ಸೆಲ್ಲಿನ ತಲೆಗೆ ತಾಗಿದ ವೈರೇ ಪ್ಲಸ್. ಎರಡಕ್ಕೂ ಹೀಗೆ ಗುರುತು ಹಾಕಿಕೊಳ್ಳಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಅಂಗಡಿಯ ಕ್ಯಾಸೆಟ್‌ಗಳ ನಡುವೆ ಮನೆಯವರ ದನಿ ತುಂಬಿದ ಒಂದೆರಡು ಇದ್ದೇ ಇರುತ್ತವೆ. ಅವುಗಳ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮೊದಲು ಮುರಿದುಹಾಕಿ. ಆಮೇಲೆ ರೆಕಾರ್ಡ್ ಗುಂಡಿ ಒತ್ತಿದರೂ ಒಳಕ್ಕೆ ಹೋಗುವುದಿಲ್ಲ. ಮೊಮ್ಮಕ್ಕಳಿರುವ ಮನೆ ಎಂದು ಬರೆದಿದ್ದೀರಲ್ಲ.